ಅ ಆ ಇ ಈ ಎಲ್ಲಿ ಹೋಯ್ತು, ಟೀಚರ್?

ಈ ಸಲ ಬಂದ ಪತ್ರಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನವೇ ಜಾಸ್ತಿ. ಶಾಲೆ ಶುರುವಾಗಿ ಎರಡು ತಿಂಗಳಾಯಿತಲ್ಲ, ಮನೆಯಲ್ಲಿ ಮಕ್ಕಳ ಬ್ಯಾಗು ಬಿಚ್ಚಿ ನೋಡುವ ಹೊತ್ತು.

ಪ್ರಶ್ನೆ: ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಇನ್ನೂ ಅ ಆ ಇ ಈ ಬರಲ್ಲ. ಕೇಳಿದರೆ ‘ರ ಗ ಸ ದ ಅ’ ಅಂತಾಳೆ. ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಆಗಲೇ ಕ ಕಾ ಕಿ ಕೀ ಬರೀತಾನೆ. ಇವಳ ವಾರ ಪೂರ್ತಿ ಹಾಡು, ಕಾರ್ಡು, ಬೀಜ ಎಣಿಸೋದು, ಇಷ್ಟೇ. ಪಾಠ ಮಾಡ್ತಿದ್ದಾರಾ ಇಲ್ವಾ?
— ಒಬ್ಬ ತಾಯಿ, ಹುಣಸೂರು

ಉತ್ತರ: ಮಾಡ್ತಿದ್ದಾರೆ ತಾಯಿ. ‘ರ ಗ ಸ ದ ಅ’ ಅಂದಳಲ್ಲ, ಅದೇ ಗುರುತು. ಸರ್ಕಾರಿ ಶಾಲೆಗಳಲ್ಲಿ ಹಾಡು, ಆಟ, ಕಾರ್ಡುಗಳಿಂದ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಮೊದಲು ಕಲಿಸುವ ಐದು ಅಕ್ಷರ ಅವು. ವರ್ಣಮಾಲೆಯ ಸಾಲು ಬಿಟ್ಟು ಇದ್ಯಾಕೆ ಅಂತ ನಿಮಗೆ ಅನ್ನಿಸಿದೆ, ನನಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು. ಒಂದು ಚೀಟಿಯಲ್ಲಿ ಅ ಆ ಇ ಈ ಉ ಬರೆದುಕೊಂಡು, ಇಷ್ಟರಲ್ಲೇ ಪದ ಮಾಡಿ ನೋಡಿ. ‘ಆ ಮನೆ, ಈ ಮನೆ’ ಅನ್ನುವಾಗಿನ ಆ, ಈ ಬಿಟ್ಟರೆ ಏನೂ ಸಿಗಲ್ಲ. ಈಗ ರ ಗ ಸ ದ ಅ ಇಟ್ಟುಕೊಳ್ಳಿ. ಸರ, ರಸ, ದರ, ಅರಸ, ಅಗಸ, ಗರಗಸ. ಕೊಂಬು ಬೇಡ, ದೀರ್ಘ ಬೇಡ, ಒತ್ತು ಬೇಡ, ಐದೇ ಅಕ್ಷರಕ್ಕೆ ಮಗು ಓದೋಕೆ ಶುರು ಮಾಡುತ್ತೆ.

ಆಮೇಲಿನ ಗುಂಪು ಜ ವ ಮ ಬ ನ. ಅದು ಮುಗಿಸಿದ ವಾರ ನಮ್ಮ ಶಾಲೆಯ ಹುಡುಗನೊಬ್ಬ ಅಪ್ಪನ ಬೈಕಿನಲ್ಲಿ ಮುಂದೆ ಕೂತು ಹೋಗುವಾಗ ರಸ್ತೆ ಪಕ್ಕದ ಬೋರ್ಡು ನೋಡಿ ‘ಬ-ಸ-ವ-ನ-ಗ-ರ’ ಅಂತ ಓದಿಬಿಟ್ಟ. ಅಪ್ಪ ಬೈಕ್ ನಿಲ್ಲಿಸಿ ಇನ್ನೊಂದು ಸಲ ಓದಿಸಿದರಂತೆ. ಆರು ಅಕ್ಷರವೂ ಅವನಿಗೆ ಬರುವ ಹತ್ತರೊಳಗೇ ಇದ್ದವು. ಅವನಿಗೂ ಆಗ ಅ ಆ ಇ ಈ ಸಾಲಾಗಿ ಹೇಳೋಕೆ ಬರ್ತಿರಲಿಲ್ಲ.

ಇನ್ನು ಆ ಹಾಡು, ಬೀಜದ ವಿಚಾರ. ನಮ್ಮ ಕ್ಲಾಸಿನ ಒಂದು ಮಳೆಗಾಲದ ವಾರ ಹೇಳ್ತೀನಿ ಕೇಳಿ. ಸೋಮವಾರ ಬಂದವರೇ ಹವಾಮಾನ ನಕ್ಷೆಯ ಮುಂದೆ ಜಗಳ. ಬೆಳಿಗ್ಗೆ ಬಿಸಿಲಿತ್ತು, ಪ್ರಾರ್ಥನೆ ಹೊತ್ತಿಗೆ ಮೋಡ, ಏನು ಬರೆಯೋದು? ಒಬ್ಬಳು ಅರ್ಧ ಸೂರ್ಯ ಬರೆದು ಮಿಕ್ಕರ್ಧಕ್ಕೆ ಪೆನ್ಸಿಲ್ಲಿನಲ್ಲಿ ಮೋಡ ತುಂಬಿಸಿದಳು. ಇರಲಿ ಅಂತ ಬಿಟ್ಟೆ. ಮಂಗಳವಾರ, ಬುಧವಾರ ಮಳೆ. ಗುರುವಾರವೂ ಮಳೆ, ಹೊರಗೆ ಆಟ ಇಲ್ಲ. ಹುಣಸೆ ಬೀಜ ಸುರಿದು ಎಣಿಸೋಕೆ ಕೂರಿಸಿದೆ. ಇಪ್ಪತ್ತೈದು ಬರಿ ಅಂದರೆ ಒಬ್ಬ ಸ್ಲೇಟಿನಲ್ಲಿ 205 ಅಂತ ಬರೆದ. ನೋಡಿದವರು ತಪ್ಪು ಅಂತಾರೆ, ಆದರೆ ಅವನ ಲೆಕ್ಕ ಸರಿಯಾಗೇ ಇದೆ. ಇಪ್ಪತ್ತು ಅಂದರೆ 20, ಅದರ ಪಕ್ಕ ಐದು ಇಟ್ಟಿದ್ದಾನೆ, ಕಿವಿಗೆ ಬಿದ್ದ ಹಾಗೇ ಬರೆದಿದ್ದಾನೆ. ಇದಕ್ಕೆ ಬೈದರೆ ಪ್ರಯೋಜನ ಇಲ್ಲ, ನೂರು ಸಲ ಬರೆಸಿದರೂ ಇಲ್ಲ. ಕಡ್ಡಿಗಳನ್ನು ಹತ್ತು ಹತ್ತು ಕಟ್ಟು ಕಟ್ಟಿಸಿ, ಎರಡು ಕಟ್ಟು, ಬಿಡಿ ಐದು ಅಂತ ಅವನ ಕೈಲೇ ಇಡಿಸಬೇಕು. ಶುಕ್ರವಾರ ಮಧ್ಯಾಹ್ನ ಅವನೇ ಸೊನ್ನೆ ಅಳಿಸಿದ. ಶನಿವಾರ ಬೆಳಗಿನ ಶಾಲೆ. ಕವಾಯತು ಮುಗಿಸಿ ಬಂದು ನಕ್ಷೆಯಲ್ಲಿ ಮಳೆ ಎಷ್ಟು ದಿನ, ಬಿಸಿಲು ಎಷ್ಟು ದಿನ ಎಣಿಸಿದರು. ಅರ್ಧ ಸೂರ್ಯ ಯಾವ ಲೆಕ್ಕಕ್ಕೆ ಅಂತ ಮತ್ತೆ ಜಗಳ.

ಇಷ್ಟಾಗಿ ಆ ವಾರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಎರಡೇ ಪುಟ.

ಪ್ರಶ್ನೆ: ಒಂದು, ಎರಡು, ಮೂರನೇ ಕ್ಲಾಸನ್ನು ಒಂದೇ ರೂಮಿನಲ್ಲಿ ಕೂರಿಸಿದ್ದಾರೆ. ನನ್ನ ಮಗ ಮೂರನೇ ಕ್ಲಾಸು. ಒಂದನೇ ಕ್ಲಾಸಿನವರಿಗೆ ಅವನೇ ಹೇಳಿಕೊಡ್ತಾನಂತೆ. ನಾನು ಮಗನನ್ನ ಕಲಿಯೋಕೆ ಕಳಿಸಿದ್ದು, ಮೇಷ್ಟ್ರು ಕೆಲಸಕ್ಕಲ್ಲ.
— ಒಬ್ಬ ತಂದೆ, ಚನ್ನರಾಯಪಟ್ಟಣ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ಮಕ್ಕಳನ್ನು ಸುಮ್ನೆ ಬೆರೆಸಿ ಕೂರಿಸಿದ್ದಲ್ಲ ಅದು. ಗುಂಪಿಗೆ ನಾವು ‘ತಟ್ಟೆ’ ಅಂತೀವಿ. ಒಂದು ತಟ್ಟೆಗೆ ಟೀಚರ್ ನೆರವು ಪೂರ್ತಿ ಬೇಕು, ಒಂದಕ್ಕೆ ಅಷ್ಟಿಷ್ಟು, ಒಂದಕ್ಕೆ ಜೊತೆಯ ಮಕ್ಕಳ ನೆರವು ಸಾಕು, ಇನ್ನೊಂದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತೆ. ಯಾವ ಕಾರ್ಡಾದ ಮೇಲೆ ಯಾವುದು ಅಂತ ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನು ಎಲ್ಲಿದ್ದೀನಿ ಅಂತ ಮಗುವೇ ನೋಡಿ, ತನ್ನ ಕಾರ್ಡು ತಗೊಂಡು ಬಂದು ಕೂರುತ್ತೆ. ಈ ನಲಿಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆಯಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಮ್ಮ ಶಾಲೆಗಳಿಗೆ ಹೊಂದಿಸಿದರು. 2009–10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕೊಯ್ಲು, ಜಾತ್ರೆ ಅಂತ ವಾರಗಟ್ಟಲೆ ಶಾಲೆ ತಪ್ಪಿಸುವ ಮಕ್ಕಳೇ ಜಾಸ್ತಿ ಇದ್ದ ಕಡೆ, ಮಗು ವಾಪಸು ಬಂದಾಗ ಪಾಠ ಮುಂದೆ ಹೋಗಿರಬಾರದು, ಬಿಟ್ಟ ಕಾರ್ಡಿನಿಂದಲೇ ಶುರುವಾಗಬೇಕು ಅನ್ನೋದೇ ಇದರ ಮುಖ್ಯ ಗುಣ.

ನಿಮ್ಮ ಮಗ ಚಿಕ್ಕವರಿಗೆ ಹತ್ತು ನಿಮಿಷ ಹೇಳಿಕೊಟ್ಟರೆ ಅವನದ್ದೇ ಗಟ್ಟಿಯಾಗುತ್ತೆ. ಇಡೀ ಬೆಳಿಗ್ಗೆ ಅದೇ ಮಾಡಿಸುತ್ತಿದ್ದರೆ ಮಾತ್ರ ನೀವು ಹೇಳೋದು ಸರಿ. ಆ ತಪ್ಪು ಕೆಲವು ಕಡೆ ನಡೆಯುತ್ತೆ, ಇಲ್ಲ ಅನ್ನಲ್ಲ. ಒಂದು ದಿನ ಹೋಗಿ ಪ್ರಗತಿ ನೋಟ ತೋರಿಸಿ ಅಂತ ಕೇಳಿ. ಈ ತಿಂಗಳು ಅವನು ಎಷ್ಟು ಮೈಲಿಗಲ್ಲು, ಅಂದರೆ ಏಣಿಯ ಎಷ್ಟು ಹಂತ, ದಾಟಿದ ಅಂತ ಅದರಲ್ಲಿರುತ್ತೆ.

ಪ್ರಶ್ನೆ: ಹೊಸದಾಗಿ ಸೇರಿದ ಶಿಕ್ಷಕಿ ನಾನು. 31 ಮಕ್ಕಳು, ಒಬ್ಬಳೇ. ಸೋಮವಾರ ಬರೆದಿಟ್ಟ ವಾರದ ಯೋಜನೆ ಬುಧವಾರದ ಹೊತ್ತಿಗೆ ಎತ್ತಲೋ ಹೋಗಿರುತ್ತೆ. ಅರ್ಧ ಕಾರ್ಡುಗಳೇ ಇಲ್ಲ, ಇರೋದು ಮಾಸಿ ಹೋಗಿವೆ.
— ಯಾದಗಿರಿ ಜಿಲ್ಲೆ

ಉತ್ತರ: ಬುಧವಾರದ ತನಕ ಬಂತಾ? ನನ್ನದು ಮಂಗಳವಾರವೇ ಹಳ್ಳ ಹಿಡೀತಿತ್ತು ಕಣಮ್ಮ. 31 ಮಕ್ಕಳಿಗೂ ವಾರದ ಯೋಜನೆ ಹಾಕೋಕೆ ಹೋಗಬೇಡಿ. ಶನಿವಾರ ಮಕ್ಕಳು ಹೋದ ಮೇಲೆ ಹತ್ತು ನಿಮಿಷ ಪ್ರಗತಿ ನೋಟದ ಮುಂದೆ ನಿಂತು, ಒಂದೇ ಕಾರ್ಡಿನಲ್ಲಿ ಸಿಕ್ಕಿಕೊಂಡಿರುವ ಐದಾರು ಮಕ್ಕಳ ಹೆಸರು ಬರೆದುಕೊಳ್ಳಿ. ಸೋಮವಾರ ಮೊದಲು ಅವರ ಜೊತೆ ನೆಲದ ಮೇಲೆ ಕೂರಿ. ಮಿಕ್ಕವರು ತಮ್ಮ ಪಾಡಿಗೆ ಸಾಗ್ತಾರೆ. ಕಾರ್ಡು ಇಲ್ಲದಿದ್ದರೆ ಹಳೇ ಮದುವೆ ಪತ್ರಿಕೆಯ ಖಾಲಿ ಬೆನ್ನು ಒಳ್ಳೇ ರಟ್ಟು, ಮಾರ್ಕರಿನಲ್ಲಿ ದಪ್ಪಗೆ ಬರೆದು ಸೆಲ್ಲೋಟೇಪ್ ಸುತ್ತಿ. ಸಿ.ಆರ್.ಪಿ. (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಯಾವ ಕಾರ್ಡು ಇಲ್ಲ ಅನ್ನೋ ಪಟ್ಟಿಯನ್ನೂ ಕೈಗೆ ಕೊಡಿ. ಬಾಯಲ್ಲಿ ಹೇಳಿದ್ದು ಅವರ ಬೈಕು ಗೇಟು ದಾಟುವಷ್ಟರಲ್ಲಿ ಮರೆತು ಹೋಗಿರುತ್ತೆ.

ಇನ್ನೊಂದು. ಗಲಾಟೆ ಮಾಡುವ ತಟ್ಟೆಗಿಂತ ಸದ್ದಿಲ್ಲದ ತಟ್ಟೆ ಮೇಲೆ ಕಣ್ಣಿರಲಿ. ನಾನೊಂದು ವರ್ಷ ಒಬ್ಬ ಹುಡುಗಿಯನ್ನು ‘ಎಷ್ಟು ಒಳ್ಳೇ ಮಗು, ಸದ್ದೇ ಇಲ್ಲ’ ಅಂತ ಹೊಗಳುತ್ತಿದ್ದೆ. ಎಂಟು ದಿನ ಆದ ಮೇಲೆ ನೋಡಿದರೆ ಕೈಲಿ ಅದೇ ‘ಮ’ ಕಾರ್ಡು. ತಿದ್ದಿ ತಿದ್ದಿ ಸ್ಲೇಟಿನ ಮೇಲೆ ಗೀರು ಬಿದ್ದಿತ್ತು. ಮುಂದಿನ ಕಾರ್ಡು ಯಾವುದು ಅಂತ ಗೊತ್ತಾಗದೆ, ಕೇಳೋಕೆ ಹೆದರಿ ಕೂತಿದ್ದಳು. ತಪ್ಪು ನನ್ನದೇ.

ಪ್ರಶ್ನೆ: ಖಾಸಗಿ ಶಾಲೆ, ಎರಡನೇ ಕ್ಲಾಸು. ದಿನಾ ನಾಲ್ಕು ಪುಟ ಹೋಂವರ್ಕ್. ಮಗು ಬರೀತಾ ಬರೀತಾ ನಿದ್ದೆ ಹೋಗುತ್ತೆ.
— ಮೈಸೂರು

ಉತ್ತರ: ಎರಡನೇ ಕ್ಲಾಸಿನ ತನಕ ಹೋಂವರ್ಕ್ ಬೇಡ ಅಂತ ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೇ ಹೇಳುತ್ತೆ. ಮೂರರಿಂದ ಐದಕ್ಕೂ ವಾರಕ್ಕೆ ಎರಡು ಗಂಟೆ ಮೀರಬಾರದು. ದಿನಕ್ಕಲ್ಲ, ವಾರಕ್ಕೆ. ಒಬ್ಬರೇ ಹೋಗಿ ಕೇಳಬೇಡಿ, ನಾಲ್ಕು ಜನ ಪೋಷಕರು ಸೇರಿ ಹೋಗಿ. ಅಲ್ಲಿಯ ತನಕ ನಿದ್ದೆ ಬಂದ ಮಗುವನ್ನು ಮಲಗಿಸಿ, ‘ನಾನೇ ಮಲಗಿಸಿದೆ’ ಅಂತ ಡೈರಿಯಲ್ಲಿ ಬರೆದು ಸಹಿ ಹಾಕಿ.

ಪ್ರಶ್ನೆ: ಶಾಲೆಯಲ್ಲಿ ಏನು ಮಾಡಿದೆ ಅಂದರೆ ದಿನಾ ‘ಏನಿಲ್ಲ’ ಅಂತಾನೆ.
— ಸಾಗರ

ಉತ್ತರ: ‘ಆಫೀಸಿನಲ್ಲಿ ಏನು ಮಾಡಿದ್ರಿ’ ಅಂದರೆ ನಿಮ್ಮ ಯಜಮಾನರು ಏನಂತಾರೆ? ಅದೇ ಅಲ್ವಾ. ನಮ್ಮೂರಿನ ಅಜ್ಜಿಯೊಬ್ಬರು ಗೇಟಿನಲ್ಲೇ ಮೊಮ್ಮಗನ ಬ್ಯಾಗು ಇಸ್ಕೊಂಡು ‘ಇವತ್ತು ಯಾರ ಪೆನ್ಸಿಲ್ ಮುರೀತು?’ ಅಂತ ಕೇಳ್ತಿದ್ದರು. ಅಷ್ಟು ಸಾಕು. ಯಾರು ಮುರಿದದ್ದು, ಯಾಕೆ ಜಗಳ, ಮಿಸ್ ಏನಂದರು, ಆಮೇಲೆ ಯಾವ ಹಾಡು, ಎಲ್ಲ ಬರ್ತಿತ್ತು. ಮನೆ ಮುಟ್ಟುವ ತನಕ ಹುಡುಗ ಬಾಯಿ ಮುಚ್ಚುತ್ತಿರಲಿಲ್ಲ.