ಪಿ ಮೌಲ್ಯ 0.05 ದಾಟಿದರೆ "ವ್ಯತ್ಯಾಸವಿಲ್ಲ" ಎಂದು ಬರೆಯಬಹುದೇ?

ಎರಡು ಗುಂಪುಗಳನ್ನು ಹೋಲಿಸಿದಾಗ ಪಿ ಮೌಲ್ಯ 0.21 ಬಂತು, ಪ್ರಬಂಧದಲ್ಲಿ "ವ್ಯತ್ಯಾಸವಿಲ್ಲ" ಎಂದು ಬರೆಯಬಹುದೇ ಎಂದು ಕೇಳಿದ್ದೀರಿ. (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವವೇ ಪಿ ಮೌಲ್ಯ; ಅದು 0.05ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶ "ಸಿಗ್ನಿಫಿಕೆಂಟ್" ಎನ್ನುವುದು ರೂಢಿ.) ದಯವಿಟ್ಟು ಬರೆಯಬೇಡಿ. ವ್ಯತ್ಯಾಸ ಇದೆ ಎನ್ನಲು ಈ ಡೇಟಾ ಸಾಲದು, ಅಷ್ಟು ಮಾತ್ರ ನೀವು ಹೇಳಬಹುದು.

ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಹೃದಯಾಘಾತವಾದಾಗ ರಕ್ತದ ಹೆಪ್ಪು ಕರಗಿಸುವ ಮದ್ದುಗಳಿವೆ, ಮುಖ್ಯವಾಗಿ ಸ್ಟ್ರೆಪ್ಟೋಕೈನೇಸ್. 1980ರ ದಶಕದ ಮಧ್ಯದ ಹೊತ್ತಿಗೆ ಇವುಗಳ ಮೇಲೆ ನಡೆದಿದ್ದ 24 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಬಿಡಿಬಿಡಿಯಾಗಿ ಸಿಗ್ನಿಫಿಕೆಂಟ್ ಆಗಿದ್ದವು 5 ಮಾತ್ರ. ಒಟ್ಟು ಲೆಕ್ಕದಲ್ಲಿ ಸಾವು 22% ಕಡಿಮೆಯಾಗಿತ್ತು! 1986ರಲ್ಲಿ ಇಟಲಿಯ ಜಿಸ್ಸಿ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 11,000ಕ್ಕೂ ಹೆಚ್ಚು ರೋಗಿಗಳಿದ್ದರು. ಮದ್ದು ಸಿಗದವರಲ್ಲಿ 13% ಜನ ಸತ್ತರು, ಸಿಕ್ಕವರಲ್ಲಿ 10.7%.

ಇದೇ ಮದ್ದನ್ನು ಗುಂಪಿಗೆ 100 ಜನರಂತೆ ಪರೀಕ್ಷಿಸಿದ್ದರೆ? ಒಂದು ಕಡೆ 13 ಸಾವು, ಇನ್ನೊಂದು ಕಡೆ 11 ಅಂದುಕೊಳ್ಳಿ. ಪಿ ಮೌಲ್ಯ ಸುಮಾರು 0.66 ಬರುತ್ತದೆ. ಮದ್ದು ಅದೇ, ಗುಣವೂ ಅದೇ, ಜನ ಮಾತ್ರ ಕಡಿಮೆ. 95% ಕಾನ್ಫಿಡೆನ್ಸ್ ಇಂಟರ್ವಲ್ (ಡೇಟಾಕ್ಕೆ ಹೊಂದುವ ವ್ಯತ್ಯಾಸಗಳ ವ್ಯಾಪ್ತಿ) ನೋಡಿದರೆ ಗುಟ್ಟು ಬಯಲಾಗುತ್ತದೆ: ನೂರಕ್ಕೆ 11 ಜೀವ ಉಳಿಯುವುದರಿಂದ ಹಿಡಿದು 7 ಸಾವು ಹೆಚ್ಚಾಗುವವರೆಗೆ ಏನು ಬೇಕಾದರೂ ಇರಬಹುದು. ಇಷ್ಟು ಅಗಲದ ಉತ್ತರಕ್ಕೆ "ಪರಿಣಾಮವಿಲ್ಲ" ಎಂದು ಹೆಸರಿಡುವುದು ಹೇಗೆ ಸರಿ?

ಹಾಗಂತ ನಾನ್-ಸಿಗ್ನಿಫಿಕೆಂಟ್ ಫಲಿತಾಂಶದಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. 1995ರ ಐಸಿಸ್-4 ಪ್ರಯೋಗದಲ್ಲಿ 58,050 ರೋಗಿಗಳಿದ್ದರು. ಹೃದಯಾಘಾತವಾದವರಿಗೆ ಮೆಗ್ನೀಸಿಯಂ ಕೊಟ್ಟು ನೋಡಿದರು. ಕೊಟ್ಟವರಲ್ಲಿ ಸಾವು 7.64%, ಕೊಡದವರಲ್ಲಿ 7.24%. ಇದೂ 0.05 ದಾಟಿದ್ದೇ. ಆದರೆ ಇಲ್ಲಿ ಇಂಟರ್ವಲ್ ಎಷ್ಟು ಕಿರಿದು ಅಂದರೆ, ಲಾಭ ಇದ್ದರೂ ಹತ್ತು ಸಾವಿರಕ್ಕೆ ಮೂರ್ನಾಲ್ಕು ಜೀವಕ್ಕಿಂತ ಜಾಸ್ತಿ ಇರುವ ಸಂಭವ ತೀರಾ ಕಡಿಮೆ. ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ ಎಂದು ಇಲ್ಲಿ ಧೈರ್ಯವಾಗಿ ಬರೆಯಬಹುದು.

ಹಾಗಾಗಿ ನಿಮ್ಮ 0.21 ಅನ್ನು ಸ್ವಲ್ಪ ಬದಿಗಿಡಿ. ನಿಮ್ಮ ವಿಷಯದಲ್ಲಿ ಎಷ್ಟು ವ್ಯತ್ಯಾಸ ಇದ್ದರೆ ಲೆಕ್ಕಕ್ಕೆ ಬರುತ್ತದೆ ಎಂದು ಗೈಡ್ ಜೊತೆ ಕೂತು ಮಾತಾಡಿ. ನಿಜವಾಗಿ ಇದನ್ನು ಡೇಟಾ ಸಂಗ್ರಹಿಸುವ ಮುಂಚೆಯೇ ಮಾಡಬೇಕು. ಆ ವ್ಯತ್ಯಾಸ ನಿಮ್ಮ ಇಂಟರ್ವಲ್ ಒಳಗೇ ಇದ್ದರೆ "ಇನ್ನೂ ಗೊತ್ತಾಗಿಲ್ಲ" ಎಂದೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿಲ್ಲ. ಇಂಟರ್ವಲ್‌ನ ಎರಡೂ ತುದಿ ಅದಕ್ಕಿಂತ ಚಿಕ್ಕದಿದ್ದರೆ "ದೊಡ್ಡ ವ್ಯತ್ಯಾಸ ಇರಲಾರದು" ಎನ್ನಿ. ಪರೀಕ್ಷಕರು ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದನ್ನು ಪತ್ತೆಹಚ್ಚುವ ಸಂಭವ) ಎಷ್ಟಿತ್ತು ಎಂದು ಕೇಳಿದರೆ, ನಿಮಗೆ ಬಂದ ವ್ಯತ್ಯಾಸವನ್ನೇ ಸೂತ್ರಕ್ಕೆ ಹಾಕಿ ಪವರ್ ತೆಗೆಯಬೇಡಿ. ಅದು ಪಿ ಮೌಲ್ಯವನ್ನೇ ಬೇರೆ ರೂಪದಲ್ಲಿ ವಾಪಸ್ ಕೊಡುತ್ತದೆ, ಹೊಸದೇನೂ ಹೇಳುವುದಿಲ್ಲ. ಅವರಿಗೂ ಇಂಟರ್ವಲ್ ತೋರಿಸಿ.