ಆರೋಗ್ಯ ಪ್ರಶ್ನೋತ್ತರ: ನಾಲ್ಕು ಸಲ ಬಿಟ್ಟೆ, ನಾಲ್ಕು ಸಲವೂ ಮತ್ತೆ ಹಚ್ಚಿದೆ

ಪ್ರಶ್ನೆ: ನನಗೆ 46 ವರ್ಷ. ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೀಡಿ, ಸಿಗರೇಟನ್ನೂ ಮಾರುತ್ತೇನೆ. ಹದಿನೆಂಟನೆಯ ವಯಸ್ಸಿನಿಂದ ಬೀಡಿ ಸೇದುತ್ತಿದ್ದು, ದಿನಕ್ಕೆ ಒಂದು ಕಟ್ಟು ಬೇಕಾಗುತ್ತಿತ್ತು. ಇದುವರೆಗೆ ನಾಲ್ಕು ಸಲ ಬಿಟ್ಟಿದ್ದೇನೆ. ನಾಲ್ಕು ಸಲವೂ ಮೂರನೆಯ ಅಥವಾ ನಾಲ್ಕನೆಯ ದಿನ ಗಿರಾಕಿಗಳ ಮೇಲೆ ರೇಗಾಡಿ, ರಾತ್ರಿ ನಿದ್ದೆ ಬಾರದೆ, ಐದಾರು ಲೋಟ ಕಾಫಿ ಕುಡಿದರೂ ಸಮಾಧಾನವಾಗದೆ, ಬೆಳಿಗ್ಗೆ ಮಲವಿಸರ್ಜನೆಯೂ ಸರಿಯಾಗಿ ಆಗದೆ, ಮತ್ತೆ ಹಚ್ಚಿದ್ದೇನೆ. ಈಗ ದಿನಕ್ಕೆ ಐದಕ್ಕೆ ಇಳಿಸಿದ್ದೇನೆ. ಬೀಡಿಯಲ್ಲಿರುವುದು ಎಲೆ ಮತ್ತು ಚಿಟಿಕೆ ಹೊಗೆಸೊಪ್ಪು ಮಾತ್ರ, ಅದು ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಐದರಲ್ಲೇ ನಿಂತರೆ ಸಾಲದೆ? ಇಷ್ಟು ವರ್ಷದ ಮೇಲೆ ಬಿಟ್ಟು ಪ್ರಯೋಜನವಿದೆಯೆ? ನನ್ನ ಮನಸ್ಸೇ ಗಟ್ಟಿಯಿಲ್ಲವೆ?
— ಹೆಸರು ಬೇಡ, ಅರಸೀಕೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳಿಗಿಂತ ಅದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತೆ ತೋರುತ್ತದೆ. ಹೊಗೆ ಎಳೆದ ಹತ್ತು ಇಪ್ಪತ್ತು ಸೆಕೆಂಡುಗಳೊಳಗೆ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. 28 ವರ್ಷ ದಿನಕ್ಕೆ ಇಪ್ಪತ್ತೈದು ಬಾರಿ ಹೀಗೆ ಏರಿಳಿತ ಕಂಡ ಮಿದುಳು, ಆ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ತನ್ನಲ್ಲಿ ಹೆಚ್ಚಿಸಿಕೊಂಡಿರುತ್ತದೆ. ಬೀಡಿ ನಿಲ್ಲಿಸಿದಾಗ ಇವೆಲ್ಲ ಒಟ್ಟಿಗೆ ಬರಿದಾಗುವುದರಿಂದ ರೇಗು, ಚಡಪಡಿಕೆ, ನಿದ್ರಾಭಂಗ ಕಾಣಿಸಿಕೊಂಡು, ಎರಡು ಮೂರನೆಯ ದಿನಗಳಲ್ಲಿ ತುದಿ ಮುಟ್ಟಿ, ಬಳಿಕ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಎಂದರೆ ನಾಲ್ಕು ಸಲವೂ ನೀವು ದಿಬ್ಬದ ನೆತ್ತಿಯವರೆಗೆ ಹತ್ತಿ, ಇಳಿಜಾರು ಶುರುವಾಗುವ ಜಾಗದಿಂದ ಹಿಂದಿರುಗಿದ್ದೀರಿ. ಇದನ್ನು ಮನೋದೌರ್ಬಲ್ಯ ಎನ್ನಲು ನಾನು ಒಪ್ಪುವುದಿಲ್ಲ. ಬರಿಗೈಯಲ್ಲಿ ಹತ್ತಿದ್ದೇ ತಪ್ಪು.

ಬೀಡಿಯ ಬಗ್ಗೆ ನಿಮ್ಮ ಸ್ನೇಹಿತರು ಹೇಳುವುದು ಅರ್ಧ ಮಾತ್ರ ನಿಜ. ಅದರಲ್ಲಿ ಹೊಗೆಸೊಪ್ಪು ಕಡಿಮೆ ಇರುವುದು ಹೌದು. ಆದರೆ ಬೀಡಿ ಎಲೆಯ ಮೂಲಕ ಗಾಳಿ ಸರಿಯಾಗಿ ಆಡುವುದಿಲ್ಲವಾದ್ದರಿಂದ ಎಳೆಯದೆ ಬಿಟ್ಟರೆ ಅದು ಆರಿಹೋಗುತ್ತದೆ. ಆರದಿರಲೆಂದು ಸೇದುವವರು ಬೇಗಬೇಗ, ಆಳವಾಗಿ ಎಳೆಯುತ್ತಾರೆ. ಫಿಲ್ಟರ್ ಕೂಡ ಇರುವುದಿಲ್ಲ. ಹೀಗಾಗಿ ಒಂದು ಬೀಡಿಯಿಂದ ಒಳಹೋಗುವ ನಿಕೋಟಿನ್, ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಗರೇಟಿನದಕ್ಕಿಂತ ಕಡಿಮೆಯೇನಲ್ಲ. ಕಾಲಿನ ಹೆಬ್ಬೆರಳು ಕಪ್ಪಾಗಿ, ಅದನ್ನು ಚಪ್ಪಲಿ ಕಚ್ಚಿದ ಗಾಯವೆಂದು ತಿಂಗಳುಗಟ್ಟಲೆ ಅರಿಶಿನ ಹಚ್ಚಿಕೊಂಡು ಬಂದ ಒಬ್ಬರು ನನಗೆ ಈಗಲೂ ನೆನಪಿದ್ದಾರೆ. ವಯಸ್ಸು ನಲವತ್ತು ದಾಟಿರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ಕೈಕಾಲುಗಳ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುವ ಈ ಬರ್ಜರ್ ಕಾಯಿಲೆ ಬರುವುದು ಬಹುಪಾಲು ಹೊಗೆಸೊಪ್ಪಿನ ಚಟವಿದ್ದವರಿಗೇ. ಅದು ಮುಂದುವರಿಯದಂತೆ ತಡೆಯುವ ಖಚಿತ ದಾರಿ ಹೊಗೆಸೊಪ್ಪನ್ನು ಪೂರ್ತಿ ಬಿಡುವುದೊಂದೇ.

ಐದಕ್ಕೆ ಇಳಿಸಿದ್ದು ಒಳ್ಳೆಯ ಅಭ್ಯಾಸಪಾಠ, ಆದರೆ ಅಲ್ಲಿ ನಿಲ್ಲುವಂತಿಲ್ಲ. ಕಡಿಮೆ ಮಾಡಿದವರು ತಮಗರಿವಿಲ್ಲದೆಯೇ ಪ್ರತಿಯೊಂದನ್ನೂ ಮೊದಲಿಗಿಂತ ಆಳವಾಗಿ ಎಳೆಯುತ್ತಾರೆ. ಹೃದಯದ ಲೆಕ್ಕವಂತೂ ವಿಚಿತ್ರ: ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೆಯೋ, ಅದರ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದುವವರಿಗೂ ಹೆಚ್ಚುತ್ತದೆ. ದಿನಸಿ ತೂಗಿದಂತೆ ಕಾಲುಭಾಗಕ್ಕೆ ಕಾಲುಭಾಗದ ಬೆಲೆ ಇಲ್ಲಿ ಇಲ್ಲ.

ಇನ್ನು ಪ್ರಯೋಜನದ ಮಾತು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಅಲ್ಲಿನ ವೈದ್ಯರನ್ನೇ ಗಮನಿಸುತ್ತ ಬಂದರು. ಸಿಗರೇಟು ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲು ತೀರಿಕೊಂಡರು; ನಲವತ್ತರ ಆಸುಪಾಸಿನಲ್ಲಿ ಬಿಟ್ಟವರಿಗೆ ಸುಮಾರು ಒಂಬತ್ತು, ಐವತ್ತರಲ್ಲಿ ಬಿಟ್ಟವರಿಗೆ ಆರು, ಅರವತ್ತರಲ್ಲಿ ಬಿಟ್ಟವರಿಗೂ ಮೂರು ವರ್ಷ ಆಯುಷ್ಯ ಮರಳಿ ದಕ್ಕಿತು. ನಿಮ್ಮ ವಯಸ್ಸನ್ನು ನೀವೇ ಇದರಲ್ಲಿ ಇಟ್ಟು ನೋಡಿ. ಶ್ವಾಸಕೋಶದಲ್ಲಿ ಈಗಾಗಲೇ ಹಾಳಾದ ಭಾಗ ತಿರುಗಿ ಬರುವುದಿಲ್ಲ ಎಂಬುದನ್ನು ಮುಚ್ಚಿಡಲಾರೆ. ಆದರೆ ಮುಂದಿನ ಸವೆತ ನಿಧಾನವಾಗುತ್ತದೆ.

ಈ ಸಲ ಒಂದು ದಿನ ಗೊತ್ತುಮಾಡಿಕೊಂಡು, ಆ ದಿನದಿಂದ ನಿಕೋಟಿನ್ ಗಮ್ ಬಳಸಿ. ಅದು 2 ಮತ್ತು 4 ಮಿಲಿಗ್ರಾಮ್‌ಗಳಲ್ಲಿ ಸಿಗುತ್ತದೆ; ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಾದರೆ ಸಾಮಾನ್ಯವಾಗಿ 4 ಮಿಲಿಗ್ರಾಮಿನದು ಬೇಕಾಗುತ್ತದೆ, ವೈದ್ಯರನ್ನು ಒಮ್ಮೆ ಕೇಳಿ. ಇದನ್ನು ಎಲೆಯಡಿಕೆಯಂತೆ ಜಗಿಯಬಾರದು. ನಿಧಾನವಾಗಿ ಜಗಿದು, ಬಾಯಲ್ಲಿ ಮೆಣಸಿನಂಥ ಚುರುಕು ಕಾಣಿಸಿದ ಕೂಡಲೇ ಒಸಡು ಮತ್ತು ಕೆನ್ನೆಯ ನಡುವೆ ಒತ್ತರಿಸಿ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಒಂದು ಗಮ್ ಹೀಗೆ ಅರ್ಧ ಗಂಟೆ ಬರಬೇಕು. ಒಂದೇ ಸಮನೆ ಜಗಿದು ರಸ ನುಂಗಿ, ಬಿಕ್ಕಳಿಕೆ, ಎದೆಯುರಿ ಬಂತೆಂದು ಎರಡೇ ದಿನಕ್ಕೆ ಎಸೆದವರು ಬಹಳ. ಗಮ್ ಸಾಲದಿದ್ದರೆ ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳಿವೆ, ಅವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಮೂರ್ಛೆರೋಗ ಇರುವವರಿಗೆ ಮೊದಲನೆಯದು ಸಲ್ಲದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕಾಫಿಯ ಮೇಲೆ. ಬೀಡಿಯ ಹೊಗೆ ಯಕೃತ್ತನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಹೊರಹಾಕಿಸುತ್ತದೆ. ಬೀಡಿ ನಿಂತ ಕೆಲವು ದಿನಗಳಲ್ಲಿ ಈ ಚುರುಕು ಹೋಗುವುದರಿಂದ, ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಇಮ್ಮಡಿಯಾಗುತ್ತದೆ. ನಿಮ್ಮ ಚಡಪಡಿಕೆ, ನಿದ್ದೆಗೇಡಿಗೆ ಬೀಡಿಯ ಜೊತೆ ಕಾಫಿಯ ಪಾಲೂ ಇದ್ದಿರಬೇಕು. ಬಿಡುವ ದಿನದಿಂದ ಅದನ್ನು ಅರ್ಧಕ್ಕೆ ಇಳಿಸಿ, ಗಮ್ ಬಾಯಿಗೆ ಹಾಕುವ ಹದಿನೈದು ನಿಮಿಷ ಮೊದಲಿನಿಂದ ಕಾಫಿ ಕುಡಿಯಬೇಡಿ. ಕುಡಿದರೆ ಗಮ್‌ನ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಮಲಬದ್ಧತೆ ಕೆಲವು ವಾರಗಳ ತೊಂದರೆ. ಸೊಪ್ಪು, ಬಾಳೆಹಣ್ಣು, ಧಾರಾಳ ನೀರು ಸಾಕಾಗುತ್ತದೆ.

ಒಂದು ತಿಂಗಳ ಮಟ್ಟಿಗಾದರೂ ಅಂಗಡಿಯಲ್ಲಿ ಬೀಡಿ ಮಾರುವುದನ್ನು ನಿಲ್ಲಿಸಿ ಎಂದರೆ ನೀವು ಮುನಿಸಿಕೊಳ್ಳಬಹುದು. ಆದರೆ ಕೈಗೆಟಕುವಲ್ಲಿ ಕಟ್ಟು, ಅದರ ಪಕ್ಕದಲ್ಲಿ ದಾರಕ್ಕೆ ನೇತುಹಾಕಿದ ಲೈಟರ್, ಇದಿರಿಗೆ ಹಚ್ಚಿಕೊಂಡು ನಿಂತ ಗಿರಾಕಿ, ಇಷ್ಟರ ನಡುವೆ ಕುಳಿತು ಮೂರನೆಯ ದಿನವನ್ನು ದಾಟುವುದು ಯಾರಿಗೂ ಸುಲಭವಲ್ಲ. ಸೇದಬೇಕೆಂಬ ತುಡಿತ ಸಾಮಾನ್ಯವಾಗಿ ಐದು ಹತ್ತು ನಿಮಿಷ ಇರುತ್ತದೆ, ಆಗ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬೇರೆ ಕೆಲಸ ಹಿಡಿಯಿರಿ. ಬೀಡಿ ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಶುಲ್ಕರಹಿತ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಬಿಟ್ಟ ಮೇಲೆ ಕೆಲವು ವಾರ ಕೆಮ್ಮು, ಕಫ ಹೆಚ್ಚಬಹುದು; ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ತೊಡಗಿದ ಲಕ್ಷಣವದು. ಆದರೆ ಕಫದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಕಾಯಬೇಡಿ, ಕ್ಷಯಕ್ಕೆ ಕಫ ಪರೀಕ್ಷೆಯನ್ನೂ ಎದೆಯ ಎಕ್ಸ್‌ರೇಯನ್ನೂ ಮಾಡಿಸಿ.

ಪ್ರಶ್ನೆ: ಮಾವನವರು ಮನೆಯೊಳಗೆ ಸೇದುವುದಿಲ್ಲ, ಜಗಲಿಯಲ್ಲಿ ಸೇದಿ ಬಂದು ನನ್ನ ಎಂಟು ತಿಂಗಳ ಮಗುವನ್ನು ಎತ್ತಿಕೊಳ್ಳುತ್ತಾರೆ. ತೊಂದರೆಯಿದೆಯೆ? ಇದ್ದರೆ, ಸೊಸೆಯಾದ ನಾನು ಹೇಗೆ ಹೇಳಲಿ?
— ಓದುಗರು, ಕುಂದಾಪುರ

ಉತ್ತರ: ಜಗಲಿಯ ಹೊಗೆ ಕಿಟಕಿ ಬಾಗಿಲುಗಳಿಂದ ಒಳಗೆ ಬರುತ್ತದೆ, ಅಂಗಿ ಮತ್ತು ಬೆರಳುಗಳಿಗೂ ಅದರ ಅಂಶ ಅಂಟಿರುತ್ತದೆ. ಇತರರು ಸೇದಿದ ಹೊಗೆ ಕುಡಿಯುವ ಮಕ್ಕಳಿಗೆ ಕಿವಿಯ ಸೋಂಕು, ನ್ಯುಮೋನಿಯಾ, ಉಬ್ಬಸ ಹೆಚ್ಚು. ಅಂಗಳ ದಾಟಿ ದೂರ ಹೋಗಿ ಸೇದಿ, ಕೈಬಾಯಿ ತೊಳೆದು, ಅಂಗಿ ಬದಲಿಸಿ ಮಗುವನ್ನು ಎತ್ತಿಕೊಳ್ಳುವುದು ಸದ್ಯಕ್ಕೆ ಕನಿಷ್ಠ ಏರ್ಪಾಡು. ಹೇಳುವ ಹೊಣೆಯನ್ನು ನೀವು ಹೊರಬೇಡಿ. ಒಂಬತ್ತು ತಿಂಗಳು ತುಂಬಿದಾಗ ಮಗುವಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಬೇಕಲ್ಲ, ಆ ದಿನ ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರಿಗೆ ಮೊದಲೇ ಒಂದು ಮಾತು ತಿಳಿಸಿಡಿ. ಮೊಮ್ಮಗು ಅವರ ತೊಡೆಯ ಮೇಲಿರುವಾಗಲೇ ವೈದ್ಯರು ವಿಷಯ ಎತ್ತಲಿ.