ಹುಟ್ಟುಗುಣದ ಪಾಲೆಷ್ಟು?

ಪ್ರಶ್ನೆ: ಮನುಷ್ಯನ ಬುದ್ಧಿ ಮತ್ತು ಸ್ವಭಾವಗಳು ಸುಮಾರು ಶೇ. 50ರಷ್ಟು ಅನುವಂಶೀಯವೆಂದು ಓದಿದೆ. ಹಾಗಾದರೆ ಮಗುವಿನ ಅರ್ಧ ವ್ಯಕ್ತಿತ್ವ ಹುಟ್ಟುವಾಗಲೇ ನಿಶ್ಚಯವಾಗಿರುತ್ತದೆಯೇ? ಉಳಿದ ಅರ್ಧವನ್ನಷ್ಟೇ ತಂದೆತಾಯಿ ರೂಪಿಸಬಲ್ಲರೇ?

ಉತ್ತರ: ನೀವು ಓದಿದ ಅಂಕಿ ತಪ್ಪಲ್ಲ, ಅದಕ್ಕೆ ಹಚ್ಚಿದ ಅರ್ಥ ಮಾತ್ರ ಸರಿಯಲ್ಲ. ಐವತ್ತು ವರ್ಷಗಳಲ್ಲಿ ಅವಳಿಗಳ ಮೇಲೆ ನಡೆದ ಅಧ್ಯಯನಗಳ 2,748 ಪ್ರಕಟಣೆಗಳನ್ನು ಒಟ್ಟಿಗೆ ಪರಿಶೀಲಿಸಿದ 2015ರ ವಿಶ್ಲೇಷಣೆಯೊಂದು, ದೇಹ ಮತ್ತು ಮನಸ್ಸಿನ ನಾನಾ ಲಕ್ಷಣಗಳ ಸರಾಸರಿ ಅನುವಂಶೀಯತೆ ಶೇ. 49 ಎಂದು ಕಂಡುಕೊಂಡಿತು. ಆದರೆ ಅನುವಂಶೀಯತೆ ಎಂಬುದು ಒಂದು ಜನಸಮೂಹದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸಗಳಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸದಿಂದ ಬಂದದ್ದು ಎಂಬುದರ ಅಳತೆಯೇ ಹೊರತು, ಒಬ್ಬ ವ್ಯಕ್ತಿಯೊಳಗೆ ರಕ್ತದ ಪಾಲೆಷ್ಟು, ಪಾಲನೆಯ ಪಾಲೆಷ್ಟು ಎಂದು ಹಂಚಿಕೊಡುವ ಲೆಕ್ಕವಲ್ಲ. ಕೈಬೆರಳುಗಳನ್ನೇ ನೋಡಿ. ನಮಗೆ ಹತ್ತು ಬೆರಳುಗಳಿರುವುದು ವಂಶವಾಹಿಗಳ ಕೆಲಸ. ಆದರೂ ಜನರ ನಡುವೆ ಬೆರಳುಗಳ ಸಂಖ್ಯೆಯಲ್ಲಿ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಅಪಘಾತಗಳಿಂದ ಬಂದದ್ದಾದ್ದರಿಂದ ಅದರ ಅನುವಂಶೀಯತೆ ತೀರ ಕಡಿಮೆ!

ಅನುವಂಶೀಯವಾದದ್ದು ಬದಲಾಗದು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಈ ವಿಷಯದಲ್ಲಿ ನಮ್ಮನ್ನು ದಾರಿತಪ್ಪಿಸಿದೆ ಎಂದೇ ನನ್ನ ಭಾವನೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಸಂಪೂರ್ಣವಾಗಿ ವಂಶವಾಹಿಯ ದೋಷದಿಂದ ಬರುವಂಥದು. ಚಿಕಿತ್ಸೆಯಿಲ್ಲದಿದ್ದರೆ ಮಗುವಿನ ಬುದ್ಧಿ ತೀವ್ರವಾಗಿ ಕುಂಠಿತವಾಗುತ್ತದೆ. ಆದರೆ ಹುಟ್ಟಿದ ಕೆಲವೇ ದಿನಗಳಲ್ಲಿ ರಕ್ತಪರೀಕ್ಷೆಯಿಂದ ಅದನ್ನು ಗುರುತಿಸಿ, ಫೀನೈಲ್‌ಅಲನೀನ್ ಎಂಬ ಅಂಶ ಮಿತವಾಗಿರುವ ಆಹಾರ ಕೊಟ್ಟರೆ ಅದೇ ಮಗುವಿನ ಬುದ್ಧಿ ಬಹುಮಟ್ಟಿಗೆ ಸಹಜವಾಗಿ ಬೆಳೆಯುತ್ತದೆ. ವಂಶವಾಹಿ ಬದಲಾಗಲಿಲ್ಲ, ಬದಲಾದದ್ದು ಊಟ.

ಈ ಅಳತೆಯಾದರೂ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಅಮೆರಿಕದ ಏಳು ವರ್ಷದ ಅವಳಿಗಳನ್ನು ಕುರಿತು ಮನಶ್ಶಾಸ್ತ್ರಜ್ಞ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡುಬಡವರ ಮನೆಗಳಲ್ಲಿ ಬುದ್ಧಿಸೂಚ್ಯಂಕದ ವ್ಯತ್ಯಾಸಕ್ಕೆ ವಂಶವಾಹಿಗಳ ಕೊಡುಗೆ ಸೊನ್ನೆಗೆ ಹತ್ತಿರವಿತ್ತು, ಅನುಕೂಲವಂತರಲ್ಲಿ ಹೆಚ್ಚು ಕಡಿಮೆ ಇದರ ತಿರುಗುಮುರುಗು. ಪಶ್ಚಿಮ ಯುರೋಪ್ ಮತ್ತು ಆಸ್ಟ್ರೇಲಿಯದ ಅಧ್ಯಯನಗಳಲ್ಲಿ ಈ ಫಲಿತಾಂಶ ಮರುಕಳಿಸಲಿಲ್ಲವೆಂಬುದನ್ನೂ ಹೇಳಬೇಕು.

ಇನ್ನು ತಂದೆತಾಯಿಯ ಪಾತ್ರ. ಒಂದೇ ಮನೆಯಲ್ಲಿ ಬೆಳೆದ ಮಾತ್ರಕ್ಕೆ ದತ್ತುಮಕ್ಕಳ ಸ್ವಭಾವಗಳು ದೊಡ್ಡವರಾದ ಮೇಲೆ ಒಂದನ್ನೊಂದು ಹೆಚ್ಚೇನೂ ಹೋಲುವುದಿಲ್ಲ; ಆದ್ದರಿಂದ ಮಗುವನ್ನು ಜೇಡಿಮಣ್ಣಿನಂತೆ ತಿದ್ದಿ ರೂಪಿಸುವ ಭರವಸೆ ಬೇಡ. ಆದರೆ ಆರೈಕೆಯೇ ಇಲ್ಲದಾದಾಗಿನ ಮಾತು ಬೇರೆ. ರೊಮೇನಿಯದ ಅನಾಥಾಲಯಗಳ ಮಕ್ಕಳಲ್ಲಿ, ಸುಮಾರು ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ತಡವಾಗಿ ಸೇರಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಅಲ್ಲದೆ ಮಗುವೂ ತನ್ನ ಪರಿಸರವನ್ನು ತಾನೇ ಕಟ್ಟಿಕೊಳ್ಳುತ್ತದೆ: ಕಥೆಗಾಗಿ ಪೀಡಿಸುವ ಮಗುವಿಗೆ ಹಿರಿಯರು ಹೆಚ್ಚು ಕಥೆ ಓದುತ್ತಾರೆ, ಓದಿದಷ್ಟೂ ಅದರ ಆಸಕ್ತಿ ಬಲಿಯುತ್ತದೆ. ಇಲ್ಲಿ ಹುಟ್ಟುಗುಣ ಎಲ್ಲಿ ಮುಗಿದು ಪಾಲನೆ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯಲು ನನಗಂತೂ ಸಾಧ್ಯವಾಗಿಲ್ಲ.